ಜಿಗಿಹುಳುಗಳಿಗೆ ಎಷ್ಟು ಮನೆತನ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಬಾರಿ ಆರಿಸಿಕೊಂಡ ಪತ್ರಗಳೆಲ್ಲ ಮಲೆನಾಡಿನವು. ಹೆಚ್ಚಿನವುಗಳಲ್ಲಿ ‘ಜಿಗಿಹುಳು’ ಎಂಬ ಒಂದೇ ಹೆಸರಿದೆ, ಆದರೆ ಬರೆದವರ ಕಣ್ಣಿಗೆ ಬಿದ್ದ ಹುಳು ಒಂದೇ ಅಲ್ಲ. ಹೆಸರಿನ ಈ ಗಂಟು ಬಿಚ್ಚಿದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಸಡಿಲವಾಗುತ್ತವೆ ಎಂದು ತೋರಿದ್ದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಭತ್ತ ಹಾಲು ತುಂಬುವ ಹೊತ್ತಿಗೆ ನಮ್ಮ ಗದ್ದೆಯ ನಡುವೆ ಅಲ್ಲಲ್ಲಿ ಗುಂಡಗೆ, ಬೆಂಕಿ ತಗುಲಿದ ಹಾಗೆ ಒಣಗಿತು. ಔಷಧದ ಅಂಗಡಿಯವರು ಜಿಗಿಹುಳು ಎಂದರು. ಬೇಸಿಗೆಯಲ್ಲಿ ಅಪ್ಪೆಮಿಡಿ ಮರದ ಹೂವು ಕಪ್ಪಾಗಿ ಉದುರಿದಾಗಲೂ ಅವರು ಜಿಗಿಹುಳು ಎಂದೇ ಹೇಳಿ ಅದೇ ಔಷಧ ಕೊಟ್ಟಿದ್ದರು. ಭತ್ತದ ಹುಳುವೇ ಮಾವಿಗೂ ಹೋಗುತ್ತದೆಯೇ?
— ಹೊಸನಗರ ತಾಲ್ಲೂಕಿನ ರೈತರೊಬ್ಬರು

ಉತ್ತರ: ಹೋಗುವುದಿಲ್ಲ. ಎರಡೂ ಕುಪ್ಪಳಿಸುತ್ತವೆ, ಎರಡೂ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತವೆ, ಎರಡೂ ಭತ್ತದ ಕಾಳಿಗಿಂತ ಚಿಕ್ಕವು. ಹೀಗಾಗಿ ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಬಿದ್ದಿದೆ. ಆದರೆ ಅವುಗಳ ವಂಶ ಕವಲೊಡೆದು 25 ಕೋಟಿ ವರ್ಷಗಳಿಗೂ ಮೇಲಾಗಿದೆ. ಮಾವಿನ ಹೂಗೊಂಚಲಿನಲ್ಲಿ ಇರುವವು ಎಲೆ ಜಿಗಿಹುಳುಗಳ ಕುಟುಂಬದವು, ಜೀರುಂಡೆಯ ಕಡೆಯ ನೆಂಟರು. ನಿಮ್ಮ ಗದ್ದೆಯನ್ನು ಸುಟ್ಟದ್ದು ಕಂದು ಜಿಗಿಹುಳು. ಅದು ಸಸ್ಯ ಜಿಗಿಹುಳುಗಳ ಪಂಗಡದಲ್ಲಿ ಡೆಲ್ಫಾಸಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಸ್ವೀಡನ್ನಿನ ಕಾರ್ಲ್ ಸ್ಟಾಲ್ 1854ರಲ್ಲಿ ಇದನ್ನು ಮೊದಲು ವರ್ಣಿಸಿದರು. ಈಗಿನ ವೈಜ್ಞಾನಿಕ ಹೆಸರು ನೀಲಪರ್ವತ ಲುಗೆನ್ಸ್. ಅಕ್ಷರ ತಪ್ಪಲ್ಲ, ಕುಲದ ಹೆಸರು ಸಂಸ್ಕೃತದ ‘ನೀಲಪರ್ವತ’ವೇ, ಬ್ರಿಟಿಷ್ ಕೀಟತಜ್ಞ ಡಬ್ಲ್ಯೂ. ಎಲ್. ಡಿಸ್ಟೆಂಟ್ 1906ರಲ್ಲಿ ಆ ಕುಲವನ್ನು ಕಟ್ಟಿದರು.

ಇವೆರಡನ್ನು ನೀವೇ ಬೇರೆಮಾಡಿ ಗುರುತಿಸಬಹುದು. ಒಂದು ಹುಳುವನ್ನು ಸಣ್ಣ ಗಾಜಿನ ಸೀಸೆಯಲ್ಲಿ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮುಖವನ್ನು ಬದಿಯಿಂದ ನೋಡಿ. ಸಸ್ಯ ಜಿಗಿಹುಳುವಿನ ಕುಡಿಮೀಸೆ ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಹುಟ್ಟುತ್ತದೆ. ಅದರ ಎರಡನೆಯ ಗೆಣ್ಣು ಉಬ್ಬಿ, ಮೇಲೆಲ್ಲ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಎಲೆ ಜಿಗಿಹುಳುವಿನ ಕುಡಿಮೀಸೆ ಕೂದಲಿನಷ್ಟು ತೆಳು, ಎರಡು ಕಣ್ಣುಗಳ ನಡುವೆ ಮುಂಭಾಗದಲ್ಲಿ ಇರುತ್ತದೆ. ಇಷ್ಟು ಸಾಲದಿದ್ದರೆ ಹಿಂಗಾಲು ನೋಡಿ. ಎಲೆ ಜಿಗಿಹುಳುವಿನ ಹಿಂಗಾಲಿನ ಉದ್ದಕ್ಕೂ ಬಾಚಣಿಗೆಯಂತೆ ಮುಳ್ಳಿನ ಸಾಲುಗಳಿವೆ. ಕಂದು ಜಿಗಿಹುಳುವಿಗೆ ಅಂಥ ಸಾಲಿಲ್ಲ, ಬದಲಾಗಿ ಹುಂಜದ ಕಾಲಿನ ಮುಳ್ಳನ್ನು ನೆನಪಿಸುವ ಒಂದೇ ಒಂದು ಅಗಲವಾದ, ಅಲುಗಾಡುವ ಕತ್ತಿ ಇದೆ. ಈ ಕತ್ತಿ ಕಂಡರೆ ಡೆಲ್ಫಾಸಿಡೇ ಎಂದು ಕಣ್ಣು ಮುಚ್ಚಿ ಹೇಳಬಹುದು.

ಗದ್ದೆಯಲ್ಲಿ ಭೂತಗನ್ನಡಿಯೂ ಬೇಡ, ಬಗ್ಗುವ ಮನಸ್ಸಿದ್ದರೆ ಸಾಕು. ಭತ್ತದಲ್ಲೇ ಇರುವ ಹಸಿರು ಜಿಗಿಹುಳು ಎಲೆ ಜಿಗಿಹುಳುಗಳ ಕಡೆಯದು. ಅದು ಗರಿಗಳ ಮೇಲೆ ಕೂತಿರುತ್ತದೆ, ಅಂಚಿನ ಮೇಲೆ ನಡೆದುಹೋಗುವವರಿಗೂ ಕಾಣುತ್ತದೆ. ಕಂದು ಜಿಗಿಹುಳು ಇರುವುದು ಬುಡದಲ್ಲಿ, ನೀರಿಗೆ ನಾಲ್ಕು ಬೆರಳು ಮೇಲೆ. ಸಾಲು ಬಿಡಿಸಿ ಬುಡಕ್ಕೆ ಅಂಗೈಯಿಂದ ಎರಡು ಸಲ ತಟ್ಟಿದರೆ ಅವು ಪಟಪಟನೆ ನೀರಿಗೆ ಉದುರುತ್ತವೆ, ಮುಳುಗುವುದಿಲ್ಲ, ನೀರಿನ ಮೇಲೆಯೇ ಓಡಿ ಪಕ್ಕದ ಬುಡ ಹತ್ತುತ್ತವೆ. ಬೆರಳು ಹತ್ತಿರ ತಂದರೆ ಹಾರುವ ಮೊದಲು ಏಡಿಯ ಹಾಗೆ ಅಡ್ಡಡ್ಡ ಸರಿದು ಕಾಂಡದ ಆಚೆ ಬದಿಗೆ ಮರೆಯಾಗುತ್ತವೆ. ಮೇಲಿನಿಂದ ನೋಡುವವರಿಗೆ ಪೈರು ಹಸಿರಾಗಿಯೇ ಇರುತ್ತದೆ. ಸುಟ್ಟ ಮಚ್ಚೆ ಕಾಣುವ ಹೊತ್ತಿಗೆ ಒಂದೆರಡು ಪೀಳಿಗೆ ಬುಡದಲ್ಲಿ ಮುಗಿದಿರುತ್ತದೆ.

ಪೈರಿನ ಆಹಾರನಾಳವಾದ ಫ್ಲೋಯಂಗೆ ಬಾಯಿ ಇಳಿಸಿ ಅವು ರಸ ಹೀರುತ್ತವೆ, ಹೀರಿದ ಜಾಗದಲ್ಲಿ ನಾಳ ಕಟ್ಟಿಕೊಳ್ಳುತ್ತದೆ, ಬೇಡವಾದ ಸಕ್ಕರೆ ನೀರನ್ನು ಹಿಂದಿನಿಂದ ಚಿಮ್ಮಿಸುತ್ತವೆ. ಬುಡದ ಮೇಲೆ ಬೆಳೆಯುವ ಕಪ್ಪು ಬೂಷ್ಟು ಈ ಸಕ್ಕರೆಯ ಮೇಲಿನದು. ಅಪ್ಪೆಮಿಡಿಯ ಹೂವು, ಎಲೆ ಕಪ್ಪಾದದ್ದೂ ಇಂಥ ಬೂಷ್ಟಿನಿಂದಲೇ, ಆದ್ದರಿಂದಲೇ ಅಂಗಡಿಯವರಿಗೆ ಎರಡೂ ಒಂದೇ ಎನಿಸಿರಬೇಕು.

ಔಷಧದ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಕಂದು ಜಿಗಿಹುಳುವನ್ನು ಏಷ್ಯಾದ ದೊಡ್ಡ ಪೀಡೆಯಾಗಿ ಬೆಳೆಸಿದ್ದರಲ್ಲಿ ಔಷಧದ ಪಾಲು ಹಿರಿದು. ಈ ಹುಳುವಿನ ಮೊಟ್ಟೆಗಳು ಎಲೆಯ ಒರೆಯೊಳಗೆ ಹುದುಗಿರುವುದರಿಂದ ಸಿಂಪರಣೆಗೆ ಸಿಗುವುದಿಲ್ಲ. ಆದರೆ ಆ ಮೊಟ್ಟೆಗಳನ್ನು ಹುಡುಕಿ ಹೀರುವ ಹಸಿರು ಮಿರಿಡ್ ತಿಗಣೆಯೂ, ಮರಿಗಳನ್ನು ಹಿಡಿಯುವ ತೋಳ ಜೇಡವೂ ಬಯಲಲ್ಲಿ ಓಡಾಡುತ್ತಾ ಮೊದಲು ಸಾಯುತ್ತವೆ. ಪೈರೆಥ್ರಾಯ್ಡ್ ಗುಂಪಿನ ಔಷಧ ಹೊಡೆದ ಗದ್ದೆಯಲ್ಲಿ ಹುಳು ಮೊದಲಿಗಿಂತ ಹೆಚ್ಚಾಗಿ ಮರಳುವುದು ಇದರಿಂದಲೇ. ಇಂಡೊನೇಷ್ಯಾ ಸರ್ಕಾರ 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದ್ದು ಈ ಒಂದು ಹುಳುವಿನ ಕಾಟಕ್ಕೆ. ಇನ್ನೂ ಹಿಂದೆ, ಹವಾಯಿಯ ಕಬ್ಬಿನ ಗದ್ದೆಗಳನ್ನು ಹಾಳುಗೆಡವುತ್ತಿದ್ದ ಡೆಲ್ಫಾಸಿಡೇ ಹುಳುವನ್ನು ಹತೋಟಿಗೆ ತಂದದ್ದು 1920ರಲ್ಲಿ ಕೀಟತಜ್ಞ ಫ್ರೆಡೆರಿಕ್ ಮ್ಯೂರ್ ತಂದು ಬಿಟ್ಟ, ಮೊಟ್ಟೆ ಹೀರುವ ಇಂಥದೇ ಒಂದು ಮಿರಿಡ್ ತಿಗಣೆ.

ನಾಟಿ ಮಾಡುವಾಗಲೇ ಎರಡು ಮೂರು ಮೀಟರಿಗೊಂದರಂತೆ ಒಂದಡಿ ಜಾಗ ಬಿಡಿ, ಗಾಳಿ ಬೆಳಕು ಬುಡಕ್ಕೆ ಹೋಗಲಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ. ಹುಳು ಕಂಡಾಗ ಮೂರು ನಾಲ್ಕು ದಿನ ನೀರು ಬಸಿದು ಬಿಡಿ. ಬುಡಕ್ಕೆ ಐದರಿಂದ ಹತ್ತು ಹುಳು ದಾಟಿದರೆ ಮಾತ್ರ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಔಷಧಕ್ಕೆ ಹೋಗಿ. ಹೊಡೆಯುವುದೂ ಬುಡಕ್ಕೆ, ಗರಿಯ ಮೇಲಲ್ಲ.

ಪ್ರಶ್ನೆ: ಒಂದೇ ಬುಡದಲ್ಲಿ ಉದ್ದ ರೆಕ್ಕೆಯವೂ ಮೊಟಕು ರೆಕ್ಕೆಯವೂ ಸಿಕ್ಕವು. ಮೊಟಕು ರೆಕ್ಕೆಯವು ಮರಿಗಳೇ, ಬೇರೆ ಪ್ರಭೇದವೇ?
— ಸೊರಬದ ಓದುಗರು

ಉತ್ತರ: ಎರಡೂ ಅಲ್ಲ. ಕೃಷಿ ಕರಪತ್ರಗಳು ‘ಅಪ್ಸರೆ’ ಎಂದು ಕರೆಯುವ ಮರಿಗಳಿಗೆ ರೆಕ್ಕೆಯ ಮೊಳಕೆ ಮಾತ್ರ ಇರುತ್ತದೆ. (ಗದ್ದೆ ಸುಡುವ ಹುಳುವಿನ ಮರಿಗೆ ಈ ಹೆಸರು ಇಟ್ಟವರ ಹಾಸ್ಯಪ್ರಜ್ಞೆ ದೊಡ್ಡದು.) ನೀವು ನೋಡಿದ್ದು ಬೆಳೆದ ಹುಳುವಿನ ಎರಡು ರೂಪ. ಪೈರು ಎಳೆಯದಾಗಿ, ಜಾಗ ಧಾರಾಳವಾಗಿದ್ದರೆ ಮೊಟಕು ರೆಕ್ಕೆಯ ಹೆಣ್ಣುಗಳು ಹೆಚ್ಚು. ಅವು ಹಾರುವುದಿಲ್ಲ, ರೆಕ್ಕೆಗೂ ಹಾರಾಟದ ಸ್ನಾಯುಗಳಿಗೂ ಹಾಕಬೇಕಾದದ್ದನ್ನೆಲ್ಲ ಮೊಟ್ಟೆಗೆ ಹಾಕುತ್ತವೆ. ಹೊಸನಗರದವರ ಗದ್ದೆಯಲ್ಲಿ ಮಚ್ಚೆ ಗುಂಡಗೆ ಹಬ್ಬಿದ್ದಕ್ಕೆ ಇದೇ ಕಾರಣ: ತಾಯಿ ಇಳಿದ ಬುಡದಿಂದ ಸಂತಾನ ಸುತ್ತಲಿನ ಬುಡಗಳಿಗೆ ನಡೆದೇ ಹೋಗಿದೆ. ಪೈರು ಬಲಿತು, ಹುಳು ಕಿಕ್ಕಿರಿದಾಗ ಮುಂದಿನ ಪೀಳಿಗೆ ಉದ್ದ ರೆಕ್ಕೆ ಹೊತ್ತು ಹುಟ್ಟುತ್ತದೆ. ಈ ಆಯ್ಕೆಯ ಕೀಲಿ ಇನ್ಸುಲಿನ್ ಗ್ರಾಹಿಗಳ ಎರಡು ಜೀನ್‌ಗಳಲ್ಲಿದೆ ಎಂದು ಚೀನಾದ ಸಂಶೋಧಕರು 2015ರಲ್ಲಿ ತೋರಿಸಿದರು. ಒಂದು ಉದ್ದ ರೆಕ್ಕೆಯ ಕಡೆಗೆ ದೂಡಿದರೆ ಇನ್ನೊಂದು ತಡೆಯುತ್ತದೆ.

ಉದ್ದ ರೆಕ್ಕೆಯವು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಜಪಾನ್ ಸಾಕ್ಷಿ. ಅಲ್ಲಿಯ ಚಳಿಗಾಲವನ್ನು ಕಂದು ಜಿಗಿಹುಳು ಬದುಕಿ ದಾಟುವುದಿಲ್ಲ. ಪ್ರತಿ ವರ್ಷ ಮಳೆಗಾಳಿ ಹತ್ತಿ ಚೀನಾದ ಕಡೆಯಿಂದ ಸಮುದ್ರ ದಾಟಿ ಹೊಸದಾಗಿ ಬರುತ್ತದೆ. 1732ರಲ್ಲಿ ಪಶ್ಚಿಮ ಜಪಾನನ್ನು ಹಸಿವಿಗೆ ದೂಡಿದ ಕ್ಷಾಮಕ್ಕೆ ಭತ್ತದ ಜಿಗಿಹುಳುಗಳು ಮುಖ್ಯ ಕಾರಣ. ಗದ್ದೆಯ ನೀರಿಗೆ ತಿಮಿಂಗಿಲದ ಎಣ್ಣೆ ಬಿಟ್ಟು, ಪೈರು ಬಡಿದು ಹುಳುಗಳನ್ನು ಅದರೊಳಗೆ ಬೀಳಿಸುವುದು ಅಲ್ಲಿನವರು ಕಂಡುಕೊಂಡ ಉಪಾಯ. ನೀರಿನ ಮೇಲೆ ನಡೆಯಬಲ್ಲ ಹುಳು ಎಣ್ಣೆಯ ಮೇಲೆ ನಡೆಯಲಾರದು.

ಪ್ರಶ್ನೆ: ಮನೆಯಲ್ಲಿರುವ ಹಳೆಯ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ‘ಹೋಮಾಪ್ಟೆರ’ ಎಂಬ ಗಣ ಇದೆ. ನಮ್ಮ ಪುಸ್ತಕದಲ್ಲಿ ಇಲ್ಲ. ಅದು ಎಲ್ಲಿ ಹೋಯಿತು? ಜಿಗಿಹುಳುಗಳನ್ನು ಈಗ ಹೇಗೆ ವಿಂಗಡಿಸುತ್ತಾರೆ, ಅವು ಎಷ್ಟು ಹಳೆಯವು?
— ಶಿವಮೊಗ್ಗದ ಪದವಿ ವಿದ್ಯಾರ್ಥಿನಿ

ಉತ್ತರ: ಆ ಪುಸ್ತಕವನ್ನು ಎಸೆಯಬೇಡಿ, ನಾನು ಪಾಠ ಮಾಡಿದ್ದು ಅದರಿಂದಲೇ. ಸೂಜಿಬಾಯಿಯ ಕೀಟಗಳನ್ನು ಹಿಂದೆ ರೆಕ್ಕೆ ನೋಡಿ ಎರಡು ಪಾಲು ಮಾಡುತ್ತಿದ್ದರು. ಮುಂದಿನ ರೆಕ್ಕೆ ಅರ್ಧ ತೊಗಲಿನಂತೆ ದಪ್ಪ, ಅರ್ಧ ತೆಳು ಇದ್ದರೆ ಹೆಟೆರಾಪ್ಟೆರ, ಅಂದರೆ ತಿಗಣೆಗಳು. ಇಡೀ ರೆಕ್ಕೆ ಒಂದೇ ಸಮ ಇದ್ದರೆ ಹೋಮಾಪ್ಟೆರ. ಎರಡನೆಯ ಪಾಲಿನಲ್ಲಿ ಸಸ್ಯಹೇನು, ಬಿಳಿನೊಣ, ಹಿಟ್ಟು ತಿಗಣೆ, ಜೀರುಂಡೆ, ಜಿಗಿಹುಳು ಎಲ್ಲವೂ ಸೇರಿದವು. 1990ರ ದಶಕದಿಂದ ಡಿಎನ್‌ಎ ಓದತೊಡಗಿದಾಗ ತಿಳಿದದ್ದು, ಸಸ್ಯಹೇನು ಬಿಳಿನೊಣಗಳ ಕವಲು ಮೊದಲೇ ಬೇರೆಯಾಗಿದೆ, ಜೀರುಂಡೆ ಜಿಗಿಹುಳುಗಳು ಅವಕ್ಕಿಂತ ತಿಗಣೆಗಳಿಗೇ ಹತ್ತಿರ ಎಂದು. ಒಡಹುಟ್ಟಿದವನನ್ನು ಹೊರಗಿಟ್ಟು, ದೂರದ ದಾಯಾದಿಯನ್ನು ಒಳಗೆ ಕೂರಿಸಿಕೊಂಡು ಒಂದು ಮನೆತನ ಎಂದು ಹೇಳಿಕೊಂಡ ಹಾಗೆ ಆಗಿತ್ತು ಹೋಮಾಪ್ಟೆರ. ರೆಕ್ಕೆ ಒಂದೇ ಸಮ ಇರುವುದು ಎಲ್ಲರ ಹಿರಿಯರಿಂದ ಬಂದ ಹಳೆಯ ಗುಣ. ಹಳೆಯ ಗುಣ ಉಳಿಸಿಕೊಂಡವರೆಲ್ಲ ಹತ್ತಿರದ ನೆಂಟರು ಎಂದು ಹೇಳಲಾಗದು. ಹೆಸರು ಬಿದ್ದುಹೋದದ್ದು ಈ ಕಾರಣಕ್ಕೆ.

ಈಗ ಹೆಮಿಪ್ಟೆರ ಎಂಬ ಒಂದೇ ಗಣ. ಅದರೊಳಗೆ ಜೀರುಂಡೆ ಮತ್ತು ಜಿಗಿಹುಳುಗಳ ಉಪಗಣ ಆಕೆನೊರಿಂಕ. ಅದರಲ್ಲಿ ಎರಡು ಕವಲು. ಸಿಕಾಡೊಮಾರ್ಫ ಎಂಬ ಕವಲಿನಲ್ಲಿ ಜೀರುಂಡೆಗಳು, ಮರಿಗಳು ಗಿಡದ ಮೇಲೆ ಉಗುಳಿನಂಥ ನೊರೆ ಕಟ್ಟಿಕೊಂಡು ಅದರೊಳಗೆ ಬೆಳೆಯುವ ನೊರೆಹುಳುಗಳು, ಬೆನ್ನ ಮೇಲೆ ಕೊಂಬು ಹೊತ್ತ ಹುಳುಗಳು, ಜೊತೆಗೆ 20,000ಕ್ಕೂ ಮೀರಿದ ಪ್ರಭೇದಗಳ ಎಲೆ ಜಿಗಿಹುಳುಗಳು ಇವೆ. ಫುಲ್ಗೊರೊಮಾರ್ಫ ಎಂಬ ಇನ್ನೊಂದು ಕವಲೇ ಸಸ್ಯ ಜಿಗಿಹುಳುಗಳದು: ಇಪ್ಪತ್ತರಷ್ಟು ಕುಟುಂಬ, ಹೆಸರಿಟ್ಟ ಸುಮಾರು 13,000 ಪ್ರಭೇದ. ‘ಎಲೆ’, ‘ಸಸ್ಯ’ ಎಂಬ ಈ ವಿಶೇಷಣಗಳು ಸಮರ್ಪಕವಲ್ಲ, ಎಲೆಯೂ ಸಸ್ಯದ್ದೇ ಭಾಗ ತಾನೆ; ಆದರೂ ಬೇರೆ ಒಳ್ಳೆಯ ಹೆಸರು ಹುಟ್ಟುವವರೆಗೆ ಇವನ್ನೇ ಬಳಸೋಣ.

ಡಿಸ್ಟೆಂಟ್ 1906ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಗಾಗಿ ಬರೆದ ಸಂಪುಟದಲ್ಲಿ ಈ ಇಡೀ ಕವಲು ಫುಲ್ಗೊರಿಡೇ ಎಂಬ ಒಂದೇ ಕುಟುಂಬವಾಗಿತ್ತು, ಈಗಿನ ಕುಟುಂಬಗಳೆಲ್ಲ ಅದರ ಉಪಕುಟುಂಬಗಳಾಗಿದ್ದವು. ಹವಾಯಿಯ ಕಬ್ಬಿನ ಕತೆಯಲ್ಲಿ ಬಂದ ಮ್ಯೂರ್ ಅವರೇ ಮುಂದೆ ಅವನ್ನು ಬಿಡಿಸಿ ಬೇರೆ ಬೇರೆ ಕುಟುಂಬಗಳಾಗಿ ನಿಲ್ಲಿಸಿದರು. ಪೀಡೆಯ ಶತ್ರುವನ್ನು ಹುಡುಕಲು ಹೊರಟವರಿಗೆ ಪೀಡೆಯ ಜಾತಕ ಸರಿಯಾಗಿ ತಿಳಿದಿರಬೇಕಾಗಿತ್ತು. ನಮ್ಮ ರಾಜ್ಯದ ಹೆಸರೂ ಈ ಕ್ಷೇತ್ರದಲ್ಲಿ ಚಿಕ್ಕದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಿ. ಎ. ವಿರಕ್ತಮಠ ಅವರು ಎಲೆ ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತಿನ ಎಣಿಕೆಯ ತಜ್ಞರಲ್ಲಿ ಒಬ್ಬರು.

ಹಳೆತನದ ಪ್ರಶ್ನೆಗೆ ಬರುತ್ತೇನೆ. ಸಸ್ಯ ಜಿಗಿಹುಳುಗಳ ಕವಲಿನ ಅತ್ಯಂತ ಹಳೆಯ ಪಳೆಯುಳಿಕೆಗಳು ಪರ್ಮಿಯನ್ ಯುಗದವು. ಆಗ ಹೂಬಿಡುವ ಗಿಡವೇ ಇರಲಿಲ್ಲ, ಹುಲ್ಲಂತೂ ದೂರದ ಮಾತು. ಮ್ಯಾನ್ಮಾರಿನ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಈಗ ಪೂರ್ತಿ ಅಳಿದುಹೋಗಿರುವ ಕುಟುಂಬಗಳ ಹುಳುಗಳು ರೆಕ್ಕೆಯ ನರ ಎಣಿಸುವಷ್ಟು ಸ್ಪಷ್ಟವಾಗಿ ಸಿಕ್ಕಿವೆ. ಇಂದಿನ ಕುಟುಂಬಗಳನ್ನು ಕವಲೊಡೆದ ಕ್ರಮದಲ್ಲಿ ಜೋಡಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮೊದಲು ಬೇರೆಯಾದ ಸಿಕ್ಸಿಡೇ ಕುಟುಂಬದ ಮರಿಗಳು ಮಣ್ಣಿನೊಳಗೆ ಬೇರು ಹೀರಿ ಬೆಳೆಯುತ್ತವೆ. ಹವಾಯಿಯ ಲಾವಾ ಗುಹೆಗಳಲ್ಲಿ ಕಣ್ಣನ್ನೇ ಕಳೆದುಕೊಂಡ ಪ್ರಭೇದಗಳೂ ಇದರಲ್ಲಿವೆ. ಡರ್ಬಿಡೇ, ಅಕಿಲಿಡೇ ಕುಟುಂಬಗಳ ಮರಿಗಳು ಕೊಳೆತ ಮರದ ಸಿಪ್ಪೆಯಡಿ ಶಿಲೀಂಧ್ರದ ಎಳೆ ಹೀರುತ್ತವೆ. ಆಮೇಲೆ ಕವಲೊಡೆದ ಫ್ಲಾಟಿಡೇ, ರಿಕಾನಿಡೇ ಮುಂತಾದವುಗಳ ಮರಿಗಳು ಹಾಡುಹಗಲೇ ಗಿಡದ ಮೇಲೆ ಇರುತ್ತವೆ. ಕತ್ತಲೆಯ ನೆಲದಿಂದ ಬೆಳಕಿನ ಕೊಂಬೆಗೆ ಹತ್ತಿದ ದಾರಿ ಇದು. ಆದರೆ ನೇರ ದಾರಿಯಲ್ಲ: ಕಂದು ಜಿಗಿಹುಳುವಿನ ಡೆಲ್ಫಾಸಿಡೇ ಮೊದಲೇ ಬೇರೆಯಾದ ಕುಟುಂಬವಾದರೂ ತನ್ನದೇ ರೀತಿಯಲ್ಲಿ ಮೇಲಕ್ಕೆ ಬಂದು ಹುಲ್ಲು, ಜೊಂಡುಗಳಿಗೆ ಅಂಟಿಕೊಂಡಿತು. ಭತ್ತವೂ ಹುಲ್ಲೇ ಎಂಬುದನ್ನು ಮರೆಯಬಾರದು.

ಇವು ಗಿಡದ ರಸದ ಮೇಲೆಯೇ ಬದುಕಲು ಸಾಧ್ಯವಾದದ್ದು ಒಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳಿಂದ. ರಸದಲ್ಲಿ ಸಕ್ಕರೆ ಬೇಕಾದಷ್ಟು ಇದೆ, ಅವಶ್ಯಕ ಅಮೈನೋ ಆಮ್ಲಗಳು ಸಾಲವು. ಸಲ್ಸಿಯ ಎಂಬ ಬ್ಯಾಕ್ಟೀರಿಯಾ ಈ ಉಪಗಣದ ಪೂರ್ವಜನನ್ನು ಸೇರಿ 26 ಕೋಟಿ ವರ್ಷಗಳಾದರೂ ಆಗಿವೆ ಎಂದು ಲೆಕ್ಕ. ಸಸ್ಯ ಜಿಗಿಹುಳುಗಳಲ್ಲಿ ಅದರ ಜೊತೆಗೆ ವಿಡಾನಿಯ ಎಂಬ ಇನ್ನೊಂದಿದೆ. ಪರಿಶೀಲಿಸಿದ ಪ್ರಭೇದಗಳಲ್ಲಿ ಹತ್ತು ಅವಶ್ಯಕ ಆಮ್ಲಗಳ ಪೈಕಿ ಏಳನ್ನು ವಿಡಾನಿಯ, ಮೂರನ್ನು ಸಲ್ಸಿಯ ತಯಾರಿಸುವುದು ಕಂಡಿದೆ. ತಾಯಿಯ ಮೊಟ್ಟೆಯೊಳಗೆ ಸೇರಿ ಮುಂದಿನ ಪೀಳಿಗೆಗೆ ಹೋಗುವುದರಿಂದ ಇವುಗಳ ವಂಶವೃಕ್ಷವೂ ಹುಳುಗಳ ವಂಶವೃಕ್ಷವೂ ಬಹುಮಟ್ಟಿಗೆ ತಾಳೆಯಾಗುತ್ತವೆ. ಕಂದು ಜಿಗಿಹುಳುವಾದರೋ ಈ ಹಳೆಯ ಜೊತೆಗಾರರನ್ನು ಬಿಟ್ಟು ಯೀಸ್ಟಿನಂಥ ಶಿಲೀಂಧ್ರವನ್ನು ಇಟ್ಟುಕೊಂಡಿದೆ.

ಪ್ರಶ್ನೆ: ಅಡಿಕೆಯ ಹಳದಿ ಎಲೆ ರೋಗವನ್ನು ಜಿಗಿಹುಳು ಹರಡುತ್ತದೆ ಎಂದು ಕೇಳಿದೆ. ತೋಟಕ್ಕೆಲ್ಲ ಔಷಧ ಹೊಡೆಸಿದರೆ ರೋಗ ನಿಲ್ಲುತ್ತದೆಯೇ? ಸೊಪ್ಪು ಹಾಕುವುದನ್ನು ಬಿಡಬೇಕೇ?
— ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ಹರಡುವುದು ನಿಜ, ಔಷಧ ಹೊಡೆಸುವುದು ವ್ಯರ್ಥ, ಸೊಪ್ಪು ಬಿಡಬೇಡಿ.

ಈ ರೋಗ ಮೊದಲು ಕಂಡದ್ದು 1914ರ ಸುಮಾರಿಗೆ ಕೇರಳದ ಮೂವಾಟ್ಟುಪುಳದ ಕಡೆ. ನಮ್ಮಲ್ಲಿ ಶೃಂಗೇರಿ, ಕೊಪ್ಪ, ಸುಳ್ಯದ ತೋಟಗಳು ಇದರಿಂದ ಬಹಳ ನೊಂದಿವೆ. ರೋಗಕಾರಕ ಫೈಟೊಪ್ಲಾಸ್ಮಾ, ಇದು ಕೋಶಭಿತ್ತಿಯೇ ಇಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾ, ಫ್ಲೋಯಂ ನಾಳದೊಳಗೆ ಮಾತ್ರ ಬದುಕುತ್ತದೆ. ಇಂಥ ಜೀವಿಗಳು ಇವೆ ಎಂದು ಜಪಾನಿನ ವಿಜ್ಞಾನಿಗಳು ತೋರಿಸಿದ್ದೇ 1967ರಲ್ಲಿ, ಅಲ್ಲಿಯವರೆಗೆ ಎಲ್ಲವನ್ನೂ ವೈರಸ್ ಎನ್ನುತ್ತಿದ್ದರು. ಮರದಿಂದ ಮರಕ್ಕೆ ಇದನ್ನು ಸಾಗಿಸುವ ಹುಳು ಪ್ರೌಟಿಸ್ಟ ಮೋಯೆಸ್ಟ, ಡರ್ಬಿಡೇ ಕುಟುಂಬದ್ದು. ಸೋಗೆಯ ಅಡಿಭಾಗದಲ್ಲಿ ಕೂತಿರುತ್ತದೆ. ಮೈ ಪುಟ್ಟದು, ರೆಕ್ಕೆ ಮೈಯ ಎರಡು ಪಟ್ಟಿಗೂ ಉದ್ದ, ಕಪ್ಪು ಬಣ್ಣದ ಮೇಲೆ ಬಿಳಿ ಚುಕ್ಕೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ರೋಗದ ಮರದ ರಸ ಹೀರಿದ ಹುಳುವಿನ ಕರುಳಿನಿಂದ ಫೈಟೊಪ್ಲಾಸ್ಮಾ ಮೈಗೆ ಹಬ್ಬಿ, ಅಲ್ಲಿ ಹೆಚ್ಚಿ, ಜೊಲ್ಲಿನ ಗ್ರಂಥಿಗೆ ಬಂದು ಸೇರಿದ ಮೇಲೆ ಮುಂದಿನ ಮರಕ್ಕೆ ಇಳಿಯುತ್ತದೆ.

ಇಲ್ಲಿ ಕುಟುಂಬದ ಹೆಸರು ತಿಳಿದಿರುವುದು ಉಪಯೋಗಕ್ಕೆ ಬರುತ್ತದೆ. ಡರ್ಬಿಡೇ ಎಂದರೆ ಮರಿಗಳು ಮರದ ಮೇಲೆ ಇರುವುದಿಲ್ಲ, ಕೊಳೆಯುವ ಕಸದಲ್ಲಿ ಇರುತ್ತವೆ ಎಂದು ಮೇಲೆ ಹೇಳಿದೆ. ಐವತ್ತು ಅಡಿ ಎತ್ತರದ ಮರಗಳಿಗೆ ದೋಟಿ ಪೈಪು ಹಿಡಿದು ಹೊಡೆದರೂ ನೆಲದ ಮರಿಗೆ ಅದು ತಾಗದು, ಪಕ್ಕದ ತೋಟದಿಂದ ಹಾರಿ ಬರುವ ಹುಳುವನ್ನೂ ತಡೆಯದು. ಹಾಗೆಂದು ಕಸವೇ ಶತ್ರು ಎಂದು ಸೊಪ್ಪಿನ ಬೆಟ್ಟದ ನಂಟು ಕಡಿದುಕೊಳ್ಳುವುದೂ ಸರಿಯಲ್ಲ. ಕೊಳೆಯುವ ಸೋಗೆ, ಹಾಳೆ, ಎಲೆ ಇಲ್ಲದ ಮಲೆನಾಡು ಎಲ್ಲಿದೆ? ಸೊಪ್ಪು ಕಳೆದುಕೊಂಡ ಮರಕ್ಕೆ ರೋಗ ತಾಳುವ ಶಕ್ತಿ ಮೊದಲು ಹೋಗುತ್ತದೆ.

ಮೊದಲು ರೋಗ ಅದೇ ಹೌದೇ ಎಂದು ನೋಡಿ. ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿಯ ತುದಿಯಿಂದ ಹಳದಿ ಆರಂಭವಾಗಿ, ನಡುನರದ ಪಕ್ಕದಲ್ಲಿ ಹಸಿರು ಪಟ್ಟಿ ಉಳಿದಿದ್ದರೆ, ಉದುರಿದ ಕಾಯಿ ಒಡೆದಾಗ ತಿರುಳು ಮೆತ್ತಗೆ ಕಪ್ಪಾಗಿದ್ದರೆ ಅನುಮಾನ ಬಲವಾಗುತ್ತದೆ. ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ಹಲವು ತೋಟಗಳಲ್ಲಿ ರೋಗವೆಂದು ಅಂಜಿದ್ದು ಹೂಳು ತೆಗೆಸಿದ ಮೇಲೆ ಹಸಿರಾದದ್ದನ್ನು ಕಂಡಿದ್ದೇನೆ. ರೋಗವೇ ಆದರೆ ಮದ್ದಿಲ್ಲ. ಒಂದೆರಡು ಮರಕ್ಕೆ ಮಾತ್ರ ಬಂದಿದ್ದರೆ ಕಡಿದು ತೆಗೆಯುವುದು, ಉಳಿದವುಗಳಿಗೆ ಗೊಬ್ಬರ ನೀರು ಸರಿಯಾಗಿ ಕೊಡುವುದು, ಹೆಚ್ಚು ರೋಗವಿರುವ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳಿದ್ದರೆ ಸಂಶೋಧನಾ ಕೇಂದ್ರದವರಿಗೆ ತಿಳಿಸುವುದು, ಇಷ್ಟೇ ನಮ್ಮ ಕೈಯಲ್ಲಿದೆ. ರೋಗ ತಾಳುವ ತಳಿಯ ಹುಡುಕಾಟ ನಡೆಯುತ್ತಿರುವುದು ಅಂಥ ಮರಗಳಿಂದಲೇ.

ಪ್ರಶ್ನೆ: ಬೇಲಿಯ ಗಿಡದಲ್ಲಿ ಹತ್ತಿಯ ಎಸಳಿನಂತೆ ಬಿಳಿಯ ಏನೋ ನಡೆಯುತ್ತಿತ್ತು. ಮುಟ್ಟಲು ಹೋದರೆ ಟಪ್ಪನೆ ಹಾರಿತು. ಏನದು?
— ಸಾಗರದ ಗೃಹಿಣಿ

ಉತ್ತರ: ಫ್ಲಾಟಿಡೇ ಅಥವಾ ರಿಕಾನಿಡೇ ಕುಟುಂಬದ ಮರಿ. ಬಾಲದ ಕಡೆಯ ಗ್ರಂಥಿಗಳಿಂದ ಮೇಣದ ಎಳೆ ಹೊರಡಿಸಿ ನವಿಲುಗರಿಯ ಹಾಗೆ ಹರಡಿಕೊಳ್ಳುತ್ತದೆ. ಹಿಡಿಯಲು ಬಂದ ಇರುವೆಯ ಬಾಯಿಗೆ ಎಳೆ ಸಿಗುತ್ತದೆ, ಹುಳು ಸಿಗುವುದಿಲ್ಲ. ಭದ್ರಾವತಿಯ ಕಡೆ ಕಬ್ಬು ಬೆಳೆಯುವವರಿಗೆ ಪರಿಚಿತವಾದ ಪೈರಿಲ್ಲಾ ಬೇರೊಂದು ಕುಟುಂಬದ್ದಾದರೂ ಅದರ ಮರಿಗೂ ಇಂಥ ಎರಡು ಬಿಳಿ ಬಾಲಗಳಿವೆ. ನಿಮ್ಮ ಬೇಲಿಯ ಹುಳು ಬೆಳೆದಾಗ ತ್ರಿಕೋನಾಕಾರದ ಅಗಲ ರೆಕ್ಕೆ ಬರುತ್ತದೆ. ನಾನು ಓದುತ್ತಿದ್ದಾಗ ಒಂದು ರಿಕಾನಿಯವನ್ನು ಪತಂಗವೆಂದು ತಿಳಿದು ಪತಂಗಗಳ ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿಟ್ಟು, ಅದಕ್ಕೊಂದು ಪತಂಗದ ಹೆಸರನ್ನೂ ಬರೆದಿದ್ದೆ. ಎರಡು ವರ್ಷ ಯಾರೂ ತಪ್ಪು ಹಿಡಿಯಲಿಲ್ಲ. ರೆಕ್ಕೆ ಮುಟ್ಟಿದಾಗ ಬೆರಳಿಗೆ ಪುಡಿ ಹತ್ತಲಿಲ್ಲವೆಂದು ಕೊನೆಗೆ ನನಗೇ ಸಂಶಯ ಬಂತು.

ಪ್ರಶ್ನೆ: ಜೀರುಂಡೆ ಕಿವಿ ಕಿವುಡಾಗುವಂತೆ ಕೂಗುತ್ತದೆ. ಅದರ ನೆಂಟನಾದ ಜಿಗಿಹುಳು ಏಕೆ ಮೌನ?
— ಕೊಪ್ಪದ ಪ್ರೌಢಶಾಲಾ ಶಿಕ್ಷಕರು

ಉತ್ತರ: ಮೌನವಲ್ಲ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಸಸ್ಯ ಜಿಗಿಹುಳು ಹೊಟ್ಟೆಯ ಬುಡವನ್ನು ಕಂಪಿಸಿ, ಆ ಕಂಪನವನ್ನು ಕಾಲಿನ ಮೂಲಕ ಗಿಡಕ್ಕೆ ಇಳಿಸುತ್ತದೆ. ಅದೇ ಗಿಡದ ಮೇಲಿರುವ ಜೊತೆಗಾರ ಕಾಲಿನಿಂದಲೇ ಅದನ್ನು ಅರಿಯುತ್ತದೆ. ಗಂಡು ಒಂದು ಲಯ, ಹೆಣ್ಣು ಒಂದು ಲಯ, ಪ್ರಭೇದಕ್ಕೊಂದು ರಾಗ. ಗಾಳಿಯಲ್ಲಿ ಕೂಗುವ ವಿದ್ಯೆ ಜೀರುಂಡೆ ಆಮೇಲೆ ಬೆಳೆಸಿಕೊಂಡದ್ದು, ಗಿಡವನ್ನು ತಂತಿಯಾಗಿ ಬಳಸುವುದೇ ಈ ಮನೆತನದ ಹಳೆಯ ಪದ್ಧತಿ.

ಮಕ್ಕಳಿಗೆ ಹೇಳಲು ಇನ್ನೊಂದು ಸಂಗತಿಯನ್ನೂ ಬರೆಯುತ್ತೇನೆ. ಯುರೋಪಿನ ಇಸ್ಸಸ್ ಎಂಬ ಸಸ್ಯ ಜಿಗಿಹುಳುವಿನ ಮರಿಯ ಎರಡು ಹಿಂಗಾಲುಗಳ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಚಕ್ರಗಳಿವೆ, ಆಲೆಮನೆಯ ಗಾಣದಲ್ಲಿ ಇರುವಂಥವೇ, ಒಂದೊಂದರಲ್ಲಿ 10ರಿಂದ 12 ಹಲ್ಲು. ಜಿಗಿಯುವಾಗ ಒಂದು ಕಾಲು ಮುಂದೆ, ಒಂದು ಹಿಂದೆ ಆದರೆ ಮರಿ ಗಿರಕಿ ಹೊಡೆದು ಎಲ್ಲೋ ಬೀಳಬೇಕಾಗುತ್ತದೆ. ಹಲ್ಲುಗಳು ಕಚ್ಚಿಕೊಂಡಿರುವುದರಿಂದ ಎರಡೂ ಕಾಲುಗಳು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂವತ್ತು ಪಾಲಿನಷ್ಟು ಅಂತರದೊಳಗೆ ಒಟ್ಟಿಗೆ ಚಿಮ್ಮುತ್ತವೆ. ಕೇಂಬ್ರಿಜ್‌ನ ಮಾಲ್ಕಮ್ ಬರೋಸ್ ಮತ್ತು ಗ್ರೆಗರಿ ಸಟನ್ 2013ರಲ್ಲಿ ಇದನ್ನು ಪ್ರಕಟಿಸಿದರು. ಕೊನೆಯ ಪೊರೆ ಕಳಚಿದಾಗ ಹಲ್ಲುಚಕ್ರವೂ ಹೋಗುತ್ತದೆ, ಬೆಳೆದ ಹುಳು ಅದಿಲ್ಲದೆಯೇ ಜಿಗಿಯುತ್ತದೆ.

ಪ್ರಶ್ನೆ: ಆಗುಂಬೆಯ ಹತ್ತಿರ ಮರದ ಕಾಂಡದ ಮೇಲೆ ಬೆರಳುದ್ದದ, ಮೂಗು ಮೇಲಕ್ಕೆ ಬಾಗಿದ ಹುಳು ನೋಡಿದೆವು. ಆ ಮೂಗು ರಾತ್ರಿ ದೀಪದಂತೆ ಉರಿಯುತ್ತದೆ ಎಂದು ಮಗ ಎಲ್ಲೋ ಓದಿದ್ದಾನೆ. ಎರಡು ರಾತ್ರಿ ಬ್ಯಾಟರಿ ಆರಿಸಿ ಕಾದೆವು, ಏನೂ ಕಾಣಲಿಲ್ಲ.
— ತೀರ್ಥಹಳ್ಳಿಯ ಓದುಗರು

ಉತ್ತರ: ಇನ್ನೂರು ರಾತ್ರಿ ಕಾದರೂ ಕಾಣುವುದಿಲ್ಲ. ನಿಮ್ಮ ವರ್ಣನೆಯ ಹುಳು ಫುಲ್ಗೊರಿಡೇ ಕುಟುಂಬದ ಪೈರಾಪ್ಸ್ ಕುಲದ್ದಿರಬೇಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಪೈರಾಪ್ಸ್ ಡೆಲೆಸರ್ಟೈ ಎಂಬ ಪ್ರಭೇದ ಇದೆ. ಗದ್ದೆಯ ಕಂದು ಜಿಗಿಹುಳುವಿನ ಪಂಗಡದ್ದೇ, ಗಾತ್ರ ಮಾತ್ರ ಹತ್ತು ಪಟ್ಟು. ಮೂಗು ಎಂದು ಕಾಣುವುದು ತಲೆಯೇ ಟೊಳ್ಳಾಗಿ ಮುಂದಕ್ಕೆ ಬೆಳೆದದ್ದು. ನಿಜವಾದ ಬಾಯಿ ತಲೆಯ ಅಡಿಯಲ್ಲಿ, ಎದೆಗೆ ಒತ್ತಿ ಮಡಚಿಕೊಂಡಿರುತ್ತದೆ.

ದೀಪದ ಕತೆ ಹಬ್ಬಿದ್ದು ಮರಿಯಾ ಸಿಬಿಲ್ಲಾ ಮೆರಿಯನ್ ಅವರಿಂದ. ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ ಕೀಟಗಳನ್ನು ಜೀವಂತ ನೋಡಿ ಚಿತ್ರ ಬರೆದ ಅಸಾಧಾರಣ ಹೆಂಗಸು ಆಕೆ. ಪೆಟ್ಟಿಗೆಯಲ್ಲಿ ಇಟ್ಟಿದ್ದ ಹುಳುಗಳು ರಾತ್ರಿ ಗದ್ದಲ ಮಾಡಿದಾಗ ಮುಚ್ಚಳ ತೆಗೆದರೆ ಬೆಂಕಿಯಂಥ ಬೆಳಕು ಕಂಡಿತೆಂದು 1705ರ ತಮ್ಮ ಗ್ರಂಥದಲ್ಲಿ ಬರೆದರು. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನೇಯಸ್ ಅದನ್ನು ನಂಬಿ ಆ ಹುಳುವಿಗೆ ದೀಪ ಹೊತ್ತದ್ದು ಎಂಬ ಅರ್ಥದ ಹೆಸರಿಟ್ಟರು, ಕುಲಕ್ಕೆ ರೋಮನ್ನರ ಮಿಂಚಿನ ದೇವತೆಯ ಹೆಸರು ಬಂತು, ಇಡೀ ಪಂಗಡ ಆ ಹೆಸರನ್ನೇ ಹೊತ್ತುಕೊಂಡಿತು. ಆಮೇಲೆ ನೋಡಿದ ಯಾರಿಗೂ ಬೆಳಕು ಕಾಣಲಿಲ್ಲ. ಇಟ್ಟ ಹೆಸರನ್ನು ತಪ್ಪೆಂದು ತೆಗೆಯಲು ನಾಮಕರಣದ ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ದೀಪವಿಲ್ಲದ ಹುಳು ಇಂದಿಗೂ ದೀಪದ ಹುಳುವೇ.

ಇದೇ ಕುಟುಂಬದಲ್ಲಿ ದಕ್ಷಿಣ ಭಾರತದ ಇನ್ನೊಂದು ಕುಲದ ಹೆಸರು ಕಾಳಿದಾಸ. ಜಾರ್ಜ್ ವಿಲ್ಲಿಸ್ ಕರ್ಕಾಲ್ಡಿ ಎಂಬಾತ 1900ರಲ್ಲಿ ಇಟ್ಟದ್ದು. ಕಾಳಿದಾಸ ಲನಾಟ ಎಂಬ ಪ್ರಭೇದದ ತಲೆಯಿಂದ ಸಣ್ಣ ತೊಟ್ಟಿನಂಥದು ಮೇಲಕ್ಕೆ ಎದ್ದಿರುತ್ತದೆ. ನಿಮ್ಮ ಮಗನಿಗೆ ರಾತ್ರಿ ಕಾಯುವ ಬದಲು ಬೆಳಗಿನ ಹೊತ್ತು ಅದೇ ಮರಕ್ಕೆ ಹೋಗಿ ನೋಡಲು ಹೇಳಿ. ಈ ಹುಳುಗಳು ಒಂದೇ ಮರದಲ್ಲಿ ದಿನಗಟ್ಟಲೆ ಇರುತ್ತವೆ. ಕಾಂಡದ ಆಚೆ ಬದಿಯಿಂದ ಮೆಲ್ಲಗೆ ಬಂದು, ಬದಿಯಿಂದ ಮುಖ ನೋಡಿದರೆ, ಇಷ್ಟು ದೊಡ್ಡ ಹುಳುವಿನಲ್ಲಿ ಭೂತಗನ್ನಡಿಯಿಲ್ಲದೆಯೇ ಕಣ್ಣಿನ ಕೆಳಗಿನ ಕೆಂಪು ಗುಂಡು ಕುಡಿಮೀಸೆ ಕಂಡೀತು.